ಪಡುವಣಕ್ಕೆ ತೆರೆದ ಚಂದ್ರಮಂಟಪ

ಬೀದರ
೨೬ ನವೆಂಬರ ೨೦೨೫

ಪ್ರಿಯ ಆಮ್ರಪಾಲಿ,

ಜಯಭೀಮ. ನಾನು ಕ್ಷೇಮ. ನೀನೂ ಕ್ಷೇಮವೆಂದು ವಾಟ್ಸಾಪಿನ ಎರಡು ನೀಲಿ ಗೆರೆಗಳಿಂದ ತಿಳಿದುಕೊಂಡಿದ್ದೇನೆ. ಹೋದ ತಿಂಗಳೇ ಬರೆಯಬೇಕಿತ್ತು, ತಡವಾಯಿತು, ಬೈದುಕೋ. ಫೋನ್ ಇರುವಾಗ ಪತ್ರವೇಕೆ ಎನ್ನಬೇಡ. ಫೋನಿನಲ್ಲಿ ನಾನು ನಗಿಸುತ್ತೇನೆ, ನೀನು "ಬಸ್ ಬಂತರಿ" ಎನ್ನುತ್ತೀ, ಮಾತು ಅಲ್ಲೇ ಇಳಿದು ಹೋಗುತ್ತದೆ. ಬೀದರಿನಿಂದ ಔರಾದದ ನಿನ್ನ ಕಾಲೇಜಿಗೆ ಸುಮಾರು ಒಂದು ತಾಸಿನ ಹಾದಿ. ಎರಡು ವರ್ಷದ ಹಿಂದೆ ಅಲ್ಲಿಗೆ ವರ್ಗವಾದಾಗ ನೀನು "ಶನಿವಾರಕ್ಕ ಶನಿವಾರ ಬರ್ತೇನ್ರಿ" ಎಂದಿದ್ದೆ. ಈಗ ಅಪರೂಪಕ್ಕೆ ಬಂದರೂ ಸಂಜೆಯ ಬಸ್ಸಿಗೇ ವಾಪಸು. ಔರಾದ ಇಷ್ಟು ದೂರಾದದ್ದು ಯಾವಾಗ?

ಸಿಟ್ಟಾಗಬೇಡ. ನಿನ್ನನ್ನು ಬರಮಾಡಿಕೊಳ್ಳಲು ನಾನೊಂದು ಉಪಾಯ ಕಟ್ಟಿದ್ದೇನೆ. ಇಟ್ಟಿಗೆ, ಸಿಮೆಂಟು ಹಾಕಿಯೇ ಕಟ್ಟಿಸಿದ್ದೇನೆ.

ಮದುವೆಯ ಹೊಸತರಲ್ಲಿ ನೀನು ಚೀನಾದ ಹಳೆಯ ತೋಟಗಳ ಮೇಲೆ ಪಿಎಚ್‌ಡಿ ಮಾಡುತ್ತಿದ್ದೆ. ಚೀನಾ ಎಂದರೆ ನನಗೆ ಆಗ ಪಲ್ಯದ ಚೀನೀಕಾಯಿ ಮಾತ್ರ ಗೊತ್ತು. ನೀನೇ ಹೇಳಿಕೊಟ್ಟೆ: ದರಬಾರು ಸಾಕಾದ, ಇಲ್ಲವೇ ದರಬಾರಿಗೇ ಸಾಕಾದ ಅಧಿಕಾರಿಗಳು ಊರಿಗೆ ಮರಳಿ ತೋಟ ಕಟ್ಟಿಕೊಳ್ಳುತ್ತಿದ್ದರು, ಗೋಡೆಯಾಚೆಯ ಬೆಟ್ಟ, ಗೋಪುರಗಳನ್ನೂ ತಮ್ಮ ನೋಟಕ್ಕೆ ಎರವಲು ತರುತ್ತಿದ್ದರು. ಸುಝೌ ಎಂಬ ಊರಿನ ಒಂದು ತೋಟದಲ್ಲಿ ಕೊಳದ ಪಡುವಣ ದಂಡೆಗೆ ಚಂದ್ರನನ್ನು ನೋಡುವ ಮಂಟಪ. ಮೂಡಣಕ್ಕೆ ಮುಖ, ಒಳಗೊಂದು ದೊಡ್ಡ ಕನ್ನಡಿ. ಹುಣ್ಣಿಮೆಗೆ ಆಕಾಶದಲ್ಲೊಂದು, ನೀರಿನಲ್ಲೊಂದು, ಕನ್ನಡಿಯಲ್ಲೊಂದು, ಹೀಗೆ ಮೂರು ಚಂದ್ರ. "ನಮಗೂ ಅಂಥಾದೊಂದು ಬೇಕ್ರಿ. ಆದ್ರ ನಿಮಗ ಒಂದು ಕಡಿ ಕುಂಡ್ರಾಕ ಎಲ್ಲಿ ಬರ್ತದ!" ಎಂದು ನೀನು ನಕ್ಕಿದ್ದೆ. ಸುಳ್ಳಲ್ಲ. ಈ ಪತ್ರವನ್ನೂ ನಿಂತೇ ಬರೆಯುತ್ತಿದ್ದೇನೆ. ನಡುನಡುವೆ ಬಾಗಿಲಿಗೆ ಹೋಗಿ ರಸ್ತೆ ನೋಡಿ ಬರುತ್ತೇನೆ.

ಅಂಥದೇ ಮಂಟಪವನ್ನು ಭಾತಂಬ್ರಾದ ನಮ್ಮ ಹೊಲದ ಕೃಷಿಹೊಂಡದ ದಂಡೆಗೆ ಕಟ್ಟಿಸಿದೆ. ನೆಲಕ್ಕೆ ಶಹಾಬಾದ ಕಲ್ಲು, ಮೇಲೆ ತಗಡಿನ ಪತ್ರಾ. ಪಕ್ಕದ ಹೊಲದ ತೊಗರಿಯೇ ನಮ್ಮ ಎರವಲು ನೋಟ. ನೋಟು ಮಾತ್ರ ನನ್ನದೇ. ಕಟ್ಟಿದ ಗೌಂಡಿ ನಿನಗೂ ಗೊತ್ತಿರುವ ಉಸ್ಮಾನ ಮಿಯಾ. ಶಾಲೆಯ ಪರೀಕ್ಷೆಯ ಗದ್ದಲದಲ್ಲಿ ನಾನು ಹೊಲಕ್ಕೆ ಹೋಗಲಾಗದೆ ಫೋನಿನಲ್ಲೇ ಹೇಳಿದೆ: "ಚಾಂದ ನೋಡೂ ಮಂಟಪ. ಮುಂದ ನೀರು, ಬೆನ್ನಿಗೆ ಗ್ವಾಡಿ." ಅವನು "ಸಮಝ ಗಯಾ ಸಾಬ" ಎಂದ. ದಿಕ್ಕು ಮಾತ್ರ ನಾನು ಹೇಳಲಿಲ್ಲ, ಅವನು ಕೇಳಲಿಲ್ಲ.

ಶನಿವಾರ ಸಂಜೆ ಹೋಗಿ ನೋಡಿದರೆ ಮಂಟಪ ಹೊಂಡದ ಮೂಡಣ ದಂಡೆಯಲ್ಲಿದೆ, ಪಡುವಣಕ್ಕೆ ಬಾಯಿ ತೆರೆದು ನಿಂತಿದೆ! ಹುಣ್ಣಿಮೆಯ ಚಂದ್ರ ಮೂಡುವ ಕಡೆಗೆ ಗಟ್ಟಿಮುಟ್ಟಾದ ಗೋಡೆ. ಉಸ್ಮಾನ ಮಿಯಾ ಮಾತ್ರ ಪಡುವಣದಲ್ಲಿ ಉಗುರಿನಷ್ಟು ತೆಳುವಾದ ಚಂದ್ರನನ್ನು ತೋರಿಸಿ ಹಿಗ್ಗುತ್ತಿದ್ದ.

"ನೋಡ್ರಿ ಸಾಬ, ಹ್ಯಾಂಗ ಎದುರಿಗೇ ಬಂದಾನ!"

"ಅಲ್ಲೋ ಮಾರಾಯಾ, ನನಗ ಹುಣ್ಣಿಮಿದು ಬೇಕಿತ್ತು."

"ಪೂರಾ ಚಾಂದಕ್ಕ ಮಂಟಪ ಯಾಕ್ರಿ? ಅದು ಎಲ್ಲಿ ನಿಂತ್ರೂ ಕಾಣ್ತದ. ನಮ್ಮ ಅಬ್ಬಾ, ದಾದಾ ಎಲ್ಲಾರೂ ಮಾಳಿಗಿ ಏರಿ ಈ ಕಡೀಗೇ ಹುಡಕ್ಯಾರ. ಹುಡಕಬೇಕಾಗೂ ಚಾಂದಕ್ಕ ಕುಂಡ್ರಾಕ ಜಾಗಾ ಬೇಕ್ರಿ."

ಈದ್ ಹಬ್ಬದ ಚಂದ್ರನನ್ನು ಕಾದ ಮನೆತನ ಅವನದು, ಪೌರ್ಣಮಿಯ ವಂದನೆಗೆ ವಿಹಾರಕ್ಕೆ ಹೊರಟ ಮನೆತನ ನಮ್ಮದು. ಒಬ್ಬನೇ ಚಂದ್ರ, ಎರಡು ದಿಕ್ಕು. ಗೋಡೆ ಒಡೆಸಲೇ, ಬಿಡಲೇ ಎಂದು ನಾನು ಹೊಂಡವನ್ನು ಸುತ್ತುತ್ತಿದ್ದೆ. ಅವ್ವ, ನಿನ್ನ ಅತ್ತೆ ಶಾಲುಬಾಯಿ, ಬದುವಿನ ಮೇಲೆ ಕುಳಿತು ಕಡಲೆಗಿಡದ ಕುಡಿ ಚಿವುಟುತ್ತಿದ್ದಳು.

"ಅಂಗಳದಾಗ ಕಾಣೂ ಚಂದ್ರಗ ಮನಿ ಕಟ್ಟಸೀದಿ, ಈಗ ಅದನ್ನ ಕೆಡವತೀಯೇನೋ?" ಎಂದಳು. "ಹುಣ್ಣಿಮಿ ಸಂಜಿಗಿ ಗ್ವಾಡಿ ಹಿಂದ ಮೂಡಿದಂವ ನಸುಕಿನ್ಯಾಗ ಎಲ್ಲಿ ಇಳೀತಾನ? ಈ ಹೊಂಡದ ಮ್ಯಾಲೇ. ಮಂಟಪ ಬರಾಬರಿ ಅದ. ಸೊಸಿ ರಾತ್ರಿ ಉಳೀಬೇಕಷ್ಟ."

ಉಸ್ಮಾನ ಮಿಯಾ ತಲೆ ತಗ್ಗಿಸಿ ಸಿಮೆಂಟು ಮೆತ್ತಿದ ಕರಣೆ ತೊಳೆಯತೊಡಗಿದ. ನಾನು ಹೊಂಡಕ್ಕೆ ಇನ್ನೊಂದು ಸುತ್ತು ಹಾಕಿದೆ.

ಗೋಡೆ ಒಡೆಸಿಲ್ಲ. ಬರುವ ವಾರದ ಗುರುವಾರ, ಡಿಸೆಂಬರ ನಾಲ್ಕಕ್ಕೆ, ಹುಣ್ಣಿಮೆ. ಶನಿವಾರ ಆರನೇ ತಾರೀಖು, ಪರಿನಿರ್ವಾಣ ದಿನಕ್ಕೆ ವಿಹಾರಕ್ಕೆ ಹೇಗೂ ಬರುವವಳು. ಎರಡು ದಿನ ಮೊದಲೇ ಬಾ. ಹೊಲಕ್ಕೆ ಕರೆದೊಯ್ಯಲು ಭಾಲ್ಕಿ ಸ್ಟ್ಯಾಂಡಿನಲ್ಲಿ ಗಾಡಿ ಹಿಡಿದು ನಿಂತಿರುತ್ತೇನೆ. ನೀನು ಮಾತಾಡು, ನಾನು ಕುಳಿತು ಕೇಳುತ್ತೇನೆ. ಕುಳಿತುಕೊಳ್ಳುವುದನ್ನು ಕಲಿಯುತ್ತಿದ್ದೇನೆ, ಈ ಸಾಲನ್ನು ಕುಳಿತೇ ಬರೆದೆ.

ಅವ್ವನ ಆಶೀರ್ವಾದ. ಭವತು ಸಬ್ಬ ಮಂಗಲಂ.

ನಿನ್ನ
ಅಶ್ವಜಿತ

ತಾ.ಕ.: ಮೂರನೆಯ ಚಂದ್ರನಿಗೆ ಕನ್ನಡಿ ಬೇಕಿತ್ತು. ನಿನ್ನ ಅಲಮಾರಿಯ ಕನ್ನಡಿ ಬಿಚ್ಚೋಣವೆಂದು ನಿನ್ನೆ ಬಾಗಿಲು ತೆರೆದೆ. ಒಳಗೆ ಬರೀ ಹ್ಯಾಂಗರುಗಳು. ಬಂದಾಗಲೆಲ್ಲ ವಾಪಸು ಹೋಗುವಾಗ ನಿನ್ನ ಜೊತೆ ಒಂದು ಚೀಲ ಇರುತ್ತಿತ್ತು. ಅದನ್ನು ಹೊತ್ತು, ನಿನ್ನನ್ನು ನಗಿಸುತ್ತ, ಬಸ್ಸಿಗೆ ಏರಿಸಿದವನು ನಾನೇ. ಕನ್ನಡಿಯನ್ನು ಅಲ್ಲೇ ಬಿಟ್ಟಿದ್ದೇನೆ. ಬರುವಾಗ ಶಾಲು ತಾ. ನಸುಕಿನಲ್ಲಿ ಚಳಿ ಬಹಳ. ಹೊದೆಯಲು ಇಲ್ಲಿ ನಿನ್ನದೇನೂ ಉಳಿದಿಲ್ಲ.