ಸೊಟ್ಟ ಗೆರೆಯ ಲೆಕ್ಕ

ಸೂಜಿಮಲ್ಲಿ,

ನೂಲು ತರಲು ಹೋಗಿದ್ದೇನೆ. ಊಟ ಮುಚ್ಚಿಟ್ಟಿದ್ದೇನೆ, ಹಸಿವಿಲ್ಲ ಎಂದು ನಾಟಕ ಮಾಡಬೇಡ. ನೀಲಿ ಅಂಗಿಗೆ ಕಾಜಾ ಹಾಕುವುದು ಬಾಕಿಯಿದೆ, ಅವಸರವಿಲ್ಲ.

ಪರೀಕ್ಷೆಗೆ ಮುಂಚೆ ಒಂದು ದಿನ ನೀನು ಅಸ್ತರಿನ ಬಟ್ಟೆಯ ಮೇಲೆ ಸೀಮೆಸುಣ್ಣದಲ್ಲಿ ಎಳೆದಿದ್ದ ಗೆರೆಯನ್ನು ತೋಳಿನ ಗುರುತು ಎಂದುಕೊಂಡು ಕತ್ತರಿ ಆಡಿಸಿಬಿಟ್ಟೆನಲ್ಲ, ಅದೇ ಇನ್ನೂ ತಲೆಯಲ್ಲಿ ಕೂತಿದೆ. ಬೈಯಲು ಬಾಯಿ ತೆರೆದರೆ ನೀನು, "ಅಯ್ಯೋ ಅಪ್ಪಾ, ಅದು ತೋಳಲ್ಲ, ನನ್ನ ಪರೀಕ್ಷೆ ಲೆಕ್ಕ! ಗೆರೆ ಎಷ್ಟೇ ಸೊಟ್ಟ ಇರ್ಲಿ, ಅದರ ಕೆಳಗೆ ಎಷ್ಟು ಜಾಗ ಇದೆ ಅಂತ ಕರೆಕ್ಟಾಗಿ ಹೇಳ್ಬಹುದು" ಅಂದೆ.

ಕಂಕುಳಿನ ತಿರುವಿಗೆ ಎಷ್ಟು ಬಟ್ಟೆ ಬೇಕೆಂದು ಮೂವತ್ತು ವರ್ಷ ಕಣ್ಣಳತೆಯಲ್ಲೇ ಊಹಿಸಿದವನು ನಾನು. ಅದಕ್ಕೂ ಒಂದು ಲೆಕ್ಕವಿದೆಯೆಂದು ಕೇಳಿ ಮೈ ಜುಮ್ಮೆಂದಿತು. ಅದೂ ದಿನವಿಡೀ ನನ್ನ ಪಕ್ಕದಲ್ಲೇ ಮಿಷನ್ ತುಳಿಯುವವಳ ತಲೆಯಲ್ಲಿ!

ನಿನ್ನೆ ಫಲಿತಾಂಶ ಬಂತು. ಅದೇ ಲೆಕ್ಕದ ಪೇಪರಿನಲ್ಲಿ ಎರಡನೇ ಸಲ ಫೇಲ್. "ಸಾಕಪ್ಪಾ ಈ ಡಿಗ್ರಿ ಸಹವಾಸ" ಎಂದು ನೀನು ಪುಸ್ತಕಗಳನ್ನು ಅಟ್ಟಕ್ಕೆ ಎಸೆದೆ. ಇಳಿಸಿ, ಧೂಳು ಕೊಡವಿ ನಿನ್ನ ಮಿಷನ್ ಪಕ್ಕದಲ್ಲಿಟ್ಟಿದ್ದೇನೆ. ಮತ್ತೆ ಅಟ್ಟ ಹತ್ತಿಸಿದರೆ ನೋಡು. ನನ್ನ ಮಂಡಿಗೆ ಇನ್ನೊಮ್ಮೆ ಏಣಿ ಹತ್ತಲು ಆಗುವುದಿಲ್ಲ.

ಮೇಜಿನ ಮೇಲೆ ಹೊಸ ಕೋಟಿನ ಬಟ್ಟೆ ಹಾಸಿದೆ. ಅಳತೆ ಪಕ್ಕದಲ್ಲೇ ಬರೆದಿದ್ದೇನೆ. ತೋಳಿಗೆ ಎಷ್ಟು ಬೇಕೆಂದು ಲೆಕ್ಕ ಹಾಕಿಡು.

ನೀನು ಹೇಳುವವರೆಗೆ ನಾನು ಕತ್ತರಿ ಮುಟ್ಟುವುದಿಲ್ಲ.

ಅಪ್ಪ