ಪುಕ್ಕಟೆ ಬಾಗಿಲು

ಬಾಡಿಗೆ ಮನೆ, ಎರಡನೆಯ ಮಹಡಿ
ಶನಿವಾರ, ಮಾರ್ಚ್ ೧೪

ಪ್ರೀತಿಯ ಮಗನೇ,

ನಿನ್ನ ಬೆನ್ನು ಹೇಗಿದೆ? ಎಂಜಿನ್ ಕೋಣೆಯ ಏಣಿ ಹತ್ತಿ ಇಳಿಯುವಾಗ ಆ ಅಗಲ ಪಟ್ಟಿಯನ್ನು ಕಟ್ಟಿಕೊಳ್ಳುತ್ತಿದ್ದೀಯೋ, ಇಲ್ಲ ಪೆಟ್ಟಿಗೆಯ ತಳದಲ್ಲಿ ಮಡಿಸಿಟ್ಟು ನನಗೆ ಮಾತ್ರ ಕಟ್ಟಿಕೊಂಡಿದ್ದೇನೆ ಅನ್ನುತ್ತಿದ್ದೀಯೋ? ನನ್ನ ಮೊಣಕಾಲು ಇದ್ದ ಹಾಗೇ ಇದೆ, ಹೆಚ್ಚಿಲ್ಲ ಕಡಿಮೆಯಿಲ್ಲ. ನಿನ್ನ ಹೆಂಡತಿ ಚೆನ್ನಾಗಿದ್ದಾಳೆ. ಹಲ್ಲಿನ ಅಚ್ಚಿನ ಪ್ಲಾಸ್ಟರ್ ಪುಡಿಗೆ ಬರುವ ಕೆಮ್ಮು ಹೋಗಿಲ್ಲ, ಅದನ್ನು ಅವಳು ನಿನಗೆ ಹೇಳುವುದಿಲ್ಲ, ಅದಕ್ಕೆ ನಾನು ಹೇಳುತ್ತಿದ್ದೇನೆ.

ಇನ್ನು ಸುದ್ದಿ. ಹೊಸ ಮನೆಯ ಖರ್ಚು ಐವತ್ತೆಂಟೂವರೆ ಲಕ್ಷಕ್ಕೆ ಏರಿದೆ. ನಿನ್ನೆ ಸಂಜೆ ಇಂಜಿನಿಯರ್ ನನ್ನನ್ನೂ ನಿನ್ನ ಹೆಂಡತಿಯನ್ನೂ ಆಫೀಸಿಗೆ ಕರೆಸಿ ಇದನ್ನು ಹೇಳಿದರು. ನೀನು ಹೊರಡುವ ಮೊದಲು ನಾವು ಮೂವರೂ ಕೂತು ಗೊತ್ತು ಮಾಡಿದ್ದು ಐವತ್ತೆರಡು. ಬ್ಯಾಂಕಿನ ಸಾಲ, ರಸ್ತೆಗೆ ಹೋದ ಹಳೆಯ ಮನೆಗೆ ಬಂದ ಪರಿಹಾರ, ನಿನ್ನ ಉಳಿತಾಯ ಎಲ್ಲ ಸೇರಿದರೂ ಅಷ್ಟೇ. ಅದರ ಮೇಲೆ ಒಂದು ಕಾಸು ಎಲ್ಲಿಂದಲೂ ಹುಟ್ಟುವುದಿಲ್ಲ. ಮೇಲಿನ ಆರೂವರೆ ಲಕ್ಷ ಎಲ್ಲಿಂದ ಬಂತು ಅಂತ ನಾನು ಕೇಳಿದೆ. ಇಂಜಿನಿಯರ್ ಪೆನ್ಸಿಲಿನ ಹಿಂಬದಿಯಿಂದ ನಕ್ಷೆಯ ಮೇಲೆ ಒಂದೇ ಜಾಗ ತಟ್ಟಿ ತೋರಿಸಿದರು. ನಿಮ್ಮಪ್ಪನ ಬಾಗಿಲು.

ಭಾನುವಾರದ ಫೋನಿನಲ್ಲಿ ಇದನ್ನು ಹೇಳೋಣವೆಂದರೆ ಆಗುವುದಿಲ್ಲ. ಮೂರು ವಾರದಿಂದ ನೋಡುತ್ತಿದ್ದೇನೆ, ಬಾಗಿಲು ಅಂದ ಕೂಡಲೇ "ಅಮ್ಮಾ, ಲೈನು ಸರಿಯಿಲ್ಲ" ಅನ್ನುತ್ತೀಯ. ಲೈನು ಸರಿಯಾಗೇ ಇರುತ್ತದೆ, ಹಿಂದೆ ಯಾರೋ ತಟ್ಟೆ ತೊಳೆಯುವ ಸದ್ದು ಕೂಡ ಕೇಳುತ್ತದೆ. ಅದಕ್ಕೇ ಈ ಕಾಗದ. ನಿಮ್ಮ ಹಡಗಿನ ಅಡುಗೆಯವರು ರಜ ಮುಗಿಸಿ ಇವತ್ತೇ ಹೊರಟಿದ್ದಾರೆ, ನಾಳೆ ಬೆಳಿಗ್ಗೆ ಹಡಗು ಸೇರುತ್ತಾರಂತೆ, ದಾರಿಯಲ್ಲಿ ಬಂದು ತೆಗೆದುಕೊಂಡು ಹೋಗುತ್ತೇನೆ ಎಂದಿದ್ದಾರೆ. ಕಾಗದದ ಲೈನನ್ನು ಕತ್ತರಿಸಲು ಬರುವುದಿಲ್ಲ.

ನಿನ್ನ ಮಾತು ನನಗೆ ಬಾಯಿಪಾಠವಾಗಿದೆ. "ಬಾಗಿಲು ಹೇಗೂ ಇದೆಯಲ್ಲ, ಪುಕ್ಕಟೆ. ಹೊಸದಕ್ಕೆ ಯಾಕೆ ದುಡ್ಡು ಸುರಿಯಬೇಕು?" ಸರಿ. ಆ ಪುಕ್ಕಟೆ ಬಾಗಿಲು ಚೌಕಟ್ಟು, ಮೇಲಿನ ಗಾಜಿನ ಕಮಾನು ಎಲ್ಲ ಸೇರಿ ಹತ್ತೂವರೆ ಅಡಿ ಇದೆ. ನಿಮ್ಮಪ್ಪ ಅದನ್ನು ತಂದದ್ದು ಮುಚ್ಚಿಹೋದ ಒಂದು ಬ್ಯಾಂಕಿನ ಹರಾಜಿನಲ್ಲಿ, ಸೌದೆಯ ಬೆಲೆಗೆ. ಬ್ಯಾಂಕಿಗೆ ಅಷ್ಟು ದೊಡ್ಡ ಬಾಗಿಲು ಬೇಕಾಗಿತ್ತೇನೋ, ಒಳಗೆ ಬರುವವನಿಗೆ ಹೆದರಿಕೆಯಾಗಲಿ ಅಂತ. ನಮ್ಮ ಮನೆಗೆ ಬರುತ್ತಿದ್ದದ್ದು ಹಾಲಿನವನು, ಪೇಪರಿನವನು, ನಿನ್ನ ಸೋದರತ್ತೆ. ಅವಳು ಯಾವತ್ತೂ ಯಾವುದಕ್ಕೂ ಹೆದರಿದವಳಲ್ಲ.

ಎಲ್ಲ ಮನೆಗಳಲ್ಲಿ ಬಾಗಿಲು ಕಿಟಕಿಗಳ ಮೇಲೆ ಏಳಡಿ ಎತ್ತರದಲ್ಲಿ ಗೋಡೆಯ ಸುತ್ತ ಒಂದು ಕಾಂಕ್ರೀಟು ಪಟ್ಟಿ ಹಾಕುತ್ತಾರೆ, ಲಿಂಟಲ್ ಅನ್ನುತ್ತಾರೆ. ಹತ್ತಡಿಗೆ ಸೂರು ಬರುತ್ತದೆ. ನಿನ್ನ ಬಾಗಿಲು ಸೂರನ್ನು ತೂತು ಮಾಡಿಕೊಂಡು ಮೇಲೆ ಹೋಗುತ್ತದೆ. ಆದ್ದರಿಂದ ಸೂರು ಹನ್ನೆರಡಕ್ಕೆ ಏರಬೇಕು. ಸೂರು ಏರಿದರೆ ಬಾಗಿಲು ಇರುವ ಗೋಡೆ ಮಾತ್ರ ಏರಿದರೆ ಸಾಲದು, ಎಲ್ಲ ಗೋಡೆಗಳೂ ಏರಬೇಕು, ಅವಕ್ಕೆಲ್ಲ ಗಾರೆ, ಬಣ್ಣ. ಅಷ್ಟು ಎತ್ತರದ ಗೋಡೆಯಲ್ಲಿ ಚಿಕ್ಕ ಕಿಟಕಿ ಇಟ್ಟರೆ ಗೋದಾಮಿನ ಹಾಗೆ ಕಾಣುತ್ತದಂತೆ, ಆದ್ದರಿಂದ ಕಿಟಕಿಗಳೂ ಉದ್ದವಾದವು. ಬಾಗಿಲಿನ ಭಾರಕ್ಕೆ ಮುಂದಿನ ಗೋಡೆ ದಪ್ಪವಾಯಿತು. ಅದನ್ನು ಎತ್ತಿ ನಿಲ್ಲಿಸಲು ಕ್ರೇನು. ಅಷ್ಟಲ್ಲದೆ, ಮರದ ಡಿಪೋದವನಿಗೆ ಆ ಪುಕ್ಕಟೆ ಬಾಗಿಲು ಒರಗಿಸಿಟ್ಟುಕೊಂಡದ್ದಕ್ಕೆ ನಾವು ಎರಡು ವರ್ಷದಿಂದ ತಿಂಗಳು ತಿಂಗಳು ಬಾಡಿಗೆ ಕಟ್ಟುತ್ತಿದ್ದೇವೆ. ನಾವೂ ಬಾಡಿಗೆ ಮನೆಯಲ್ಲಿ, ನಮ್ಮ ಬಾಗಿಲೂ ಬಾಡಿಗೆ ಮನೆಯಲ್ಲಿ.

ಇದನ್ನೆಲ್ಲ ಮೊದಲೇ ಯಾಕೆ ಹೇಳಲಿಲ್ಲ ಅಂತ ಕಟ್ಟಡದ ಗುತ್ತಿಗೆದಾರನನ್ನು ತರಾಟೆಗೆ ತೆಗೆದುಕೊಂಡೆ. ನಿನಗೆ ಗೊತ್ತಲ್ಲ, ಅವನಿಗೆ ನಿನ್ನ ಹೆಂಡತಿ ಇಟ್ಟ ಹೆಸರು 'ಆಗುತ್ತೆ'. ಬಾಗಿಲು ಕೂರುತ್ತದಾ ಅಂತ ನೀನು ಕೇಳಿದಾಗ "ಆಗುತ್ತೆ ಸಾರ್" ಅಂದ. ಐವತ್ತೆರಡರಲ್ಲಿ ಮುಗಿಯುತ್ತದಾ ಅಂತ ನಾನು ಕೇಳಿದಾಗ "ಆಗುತ್ತೆ ಬಿಡಿಯಮ್ಮ" ಅಂದ. ಎರಡನ್ನೂ ಒಟ್ಟಿಗೆ ನಾವು ಯಾರೂ ಕೇಳಲಿಲ್ಲ. ನೀನು ಬಾಗಿಲು ಕೇಳಿದೆ, ನಾನು ಲೆಕ್ಕ ಕೇಳಿದೆ, ಅವನು ಇಬ್ಬರಿಗೂ ಸರಿಯಾದ ಉತ್ತರ ಕೊಟ್ಟು ಪಾಯ ತೋಡಿಸಿದ. ಈಗ ಕೇಳಿದರೆ, "ನೀವು ಮನೆಮಂದಿ ಮಾತಾಡಿಕೊಂಡಿರ್ತೀರಿ ಅಂದ್ಕೊಂಡೆನಮ್ಮ" ಅನ್ನುತ್ತಾನೆ. ಮೈ ಉರಿಯಿತು. ಆದರೆ ಈ ಮನೆಯಲ್ಲಿ ನಾವು ಮಾತಾಡಿಕೊಳ್ಳುವುದು ಹಾಗೆಯೇ, ಒಬ್ಬೊಬ್ಬರಾಗಿ, ಮೂರನೆಯವರ ಹತ್ತಿರ.

ದುಡ್ಡಿನ ಮಾತು ಹಾಗಿರಲಿ, ನನ್ನ ತಲೆ ಕೆಟ್ಟಿದ್ದು ಮೆಟ್ಟಿಲಿನಿಂದ. ಸೂರು ಎರಡಡಿ ಏರಿದರೆ ಮಹಡಿಗೆ ನಾಲ್ಕು ಮೆಟ್ಟಿಲು ಜಾಸ್ತಿ ಬೇಕು. ಆ ನಾಲ್ಕು ಮೆಟ್ಟಿಲಿಗೆ ಜಾಗ ಪಕ್ಕದ ಕೋಣೆಯಿಂದಲೇ ಬರಬೇಕು. ಪಕ್ಕದ ಕೋಣೆ ಯಾವುದು ಅಂತ ನಿನಗೆ ಬೇರೆ ಹೇಳಬೇಕಾಗಿಲ್ಲ. ನಿನ್ನ ಹೆಂಡತಿ ಕಟ್ಟುಹಲ್ಲು ಮಾಡುವ ಕೆಲಸದ ಕೋಣೆ. ಉಳಿದ ಜಾಗದಲ್ಲಿ ಅವಳ ಮೋಟಾರು ಇಟ್ಟರೆ ತೊಟ್ಟಿ ಇಡುವ ಹಾಗಿಲ್ಲ, ತೊಟ್ಟಿ ಇಟ್ಟರೆ ಅವಳು ಕೂರುವ ಹಾಗಿಲ್ಲ. ಇಂಜಿನಿಯರ್ ಇದನ್ನು ಹೇಳುತ್ತಿದ್ದಾಗ ಅವಳು ನಕ್ಷೆಯನ್ನೇ ನೋಡುತ್ತಿದ್ದಳು. ಆಮೇಲೆ, ಟೀ ಕುಡಿದು ಲೋಟ ಕೆಳಗಿಡುವಷ್ಟು ಸಲೀಸಾಗಿ ಹೇಳಿದಳು: "ಹಾಗಾದ್ರೆ ಆ ಕೋಣೆನೇ ತೆಗೆದುಬಿಡಿ. ನೀರಿನ ಪೈಪು, ಧೂಳು ಎಳೆಯೋ ಫ್ಯಾನು, ಬೇರೆ ಬಾಗಿಲು, ಅದರದ್ದೇ ಆರೂವರೆ ಲಕ್ಷ ಉಳಿಯುತ್ತಲ್ಲ." ಇಂಜಿನಿಯರ್ ಆಗಲಿ, ಮನೆಯಲ್ಲಿ ಮಾತಾಡಿ ತಿಳಿಸಿ ಅಂದರು. ದಾರಿಯುದ್ದಕ್ಕೂ ನಾನು ಅವಳನ್ನು ಬೈದುಕೊಂಡು ಬಂದೆ. "ನಿನಗೇನು ಹುಚ್ಚೇನೇ?" ಅಂದೆ. "ಅವರಿಗೆ ಅಪ್ಪನದು ಅಂತ ಉಳಿದಿರೋದು ಅದೊಂದೇ ಅತ್ತೆ," ಅಂದಳು.

ಅವಳು ನಿನಗೆ ಹೇಳದ ಇನ್ನೊಂದು ವಿಷಯವಿದೆ. ಹಲ್ಲಿನ ಡಾಕ್ಟರು ತಮ್ಮ ಕ್ಲಿನಿಕ್ಕಿನ ಹಿಂದೆ ಅವಳು ಕೆಲಸ ಮಾಡುವ ಕೋಣೆ ಬಿಡಲು ಹೇಳಿದ್ದಾರೆ. ಅಲ್ಲಿ ಎಕ್ಸ್‌ರೇ ಯಂತ್ರ ಬರುತ್ತದಂತೆ. ಹೊಸ ಮನೆ ಆಗುವ ತನಕ ಅಂತ ಅವಳು ಈಗಾಗಲೇ ಅರ್ಧ ಸಾಮಾನು ಇಲ್ಲಿಗೆ ತಂದಿದ್ದಾಳೆ. ನಮ್ಮ ಊಟದ ಮೇಜಿನ ಮೇಲೆ ಈಗ ಆರು ಜನರ ಹಲ್ಲು ಇದೆ. ನಾವಿಬ್ಬರು ಊಟಕ್ಕೆ ಕೂತರೆ ಎಂಟು ಬಾಯಿ. ನಿನ್ನೆ ನನ್ನ ಕನ್ನಡಕ ಹುಡುಕುತ್ತಾ ಕೈಯಾಡಿಸಿದರೆ ಯಾರದೋ ಕೆಳದವಡೆ ಸಿಕ್ಕಿತು. ನಗುವುದೇನೋ ನಕ್ಕೆವು. ಆದರೆ ಪುಡಿ ಏಳುವ ಕೆಲಸವನ್ನು ಅವಳು ಬಾಲ್ಕನಿಯಲ್ಲಿ ಬಾಯಿಗೆ ಬಟ್ಟೆ ಕಟ್ಟಿಕೊಂಡು ಮಾಡುತ್ತಾಳೆ, ಪಕ್ಕದ ಮನೆಯವರು ಒಣಹಾಕಿದ ಬಟ್ಟೆಯ ಮೇಲೆ ಬೀಳುತ್ತದೆ ಅಂತ ಎರಡು ಸಲ ಬಂದು ಹೇಳಿಹೋದರು. ಕೋಣೆ ಇಲ್ಲವೆಂದರೆ ಅವಳು ಈ ಕೆಲಸ ಬಿಡುತ್ತಾಳೆ. ಬಿಟ್ಟೆ ಅಂತ ಬಾಯಿ ಬಿಟ್ಟು ಹೇಳುವುದೂ ಇಲ್ಲ. ಒಂದು ದಿನ ಮೇಜು ಖಾಲಿ ಇರುತ್ತದೆ, ಅಷ್ಟೇ.

ಬಾಗಿಲು ಅಂದರೆ ನಿನಗೆ ಏನು ಅಂತ ನನಗೆ ಗೊತ್ತಿಲ್ಲ ಅಂದುಕೊಳ್ಳಬೇಡ. ಸಂಜೆ ಆ ಹಿತ್ತಾಳೆಯ ಚಿಲಕದ ಸದ್ದು ಕೇಳಿದರೆ ನೀನು ಪುಸ್ತಕ ಮುಚ್ಚಿ ಎದ್ದು ಓಡುತ್ತಿದ್ದೆ. ಅವರು ಒಳಗೆ ಬರುವಾಗ ಬಾಗಿಲಿಗೆ ಎರಡು ಸಲ ತಟ್ಟುತ್ತಿದ್ದರು, ದನದ ಬೆನ್ನು ತಟ್ಟಿದ ಹಾಗೆ. ರಸ್ತೆ ಅಗಲ ಮಾಡುವವರು ಮನೆ ಕೆಡವಿದ ದಿನ ಬೇರೆ ಏನನ್ನೂ ಕೇಳದೆ ಆ ಬಾಗಿಲನ್ನು ಮಾತ್ರ ಲಾರಿಗೆ ಹಾಕಿಸಿದೆ ನೀನು. ನಾನು ಆಗ ಬೇಡ ಅನ್ನಲಿಲ್ಲ. ಆದರೆ ಹಳೆಯ ಮನೆಯಲ್ಲಿ ನಿನಗೆ ಸೇರದೇ ಇದ್ದದ್ದೂ ಒಂದಿತ್ತಲ್ಲ. ಅಡುಗೆಮನೆಯ ಕತ್ತಲೆ. "ಹಾಡಹಗಲೇ ಲೈಟು ಹಾಕ್ಕೊಂಡು ಅಡುಗೆ ಮಾಡೋ ಮನೆ ನಮ್ಮದೊಂದೇ ಇರಬೇಕು" ಅನ್ನುತ್ತಿದ್ದೆ. ಹೊಸ ನಕ್ಷೆಯಲ್ಲಿ ಅಡುಗೆಮನೆಗೆ ಎರಡು ಕಿಟಕಿ ಬೇಕೇ ಬೇಕು ಅಂತ ಹಟ ಹಿಡಿದವನೂ ನೀನೇ. ಅದನ್ನು ನೆನೆಸಿಕೊಂಡರೆ ನನಗೆ ಈಗಲೂ ಖುಷಿಯಾಗುತ್ತದೆ.

ಇಂಜಿನಿಯರ್‌ಗೆ ಒಂದು ವಾರದೊಳಗೆ ಉತ್ತರ ಬೇಕು. ಗೋಡೆ ಏಳಡಿ ಮುಟ್ಟಿದೆ, ಆಳುಗಳು ಕೈಕಟ್ಟಿ ಕೂತಿದ್ದಾರೆ, ಕೂತ ದಿನಕ್ಕೂ ಕೂಲಿ ನಮ್ಮದೇ. ನೀನು ಹಡಗಿನಲ್ಲಿ, ನಿನ್ನ ಹೆಂಡತಿ ಬಾಯಿ ಹೊಲಿದುಕೊಂಡಿದ್ದಾಳೆ, 'ಆಗುತ್ತೆ' ಎಲ್ಲದಕ್ಕೂ ಆಗುತ್ತೆ ಅನ್ನುತ್ತಾನೆ. ನನಗಂತೂ ಸಾಕುಸಾಕಾಗಿದೆ. ರಾತ್ರಿ ಮಾತ್ರೆ ಮರೆಯಬೇಡ. ಬಿಸಿ ಎಂಜಿನ್ ಪಕ್ಕದಿಂದ ಬಂದವನು ಬೆವರು ಆರುವ ಮೊದಲು ತಣ್ಣೀರು ಕುಡಿಯಬೇಡ. ನಿನ್ನ ಜೊತೆ ಕೆಲಸ ಮಾಡುವವರಿಗೆಲ್ಲ ನಾನು ಕೇಳಿದೆ ಅಂತ ಹೇಳು. ಎಲ್ಲಿದ್ದರೂ ಸುಖವಾಗಿರು, ನನ್ನ ಆಶೀರ್ವಾದ ಯಾವತ್ತೂ ನಿನ್ನ ಮೇಲಿದೆ.

ನಿನ್ನ
ಅಮ್ಮ

ಮರೆತಿದ್ದು: ಅಡುಗೆಯವರು ಬಂದು ಬಾಗಿಲಲ್ಲಿ ನಿಂತಿದ್ದಾರೆ, ಅವಸರದಲ್ಲಿ ಬರೆಯುತ್ತಿದ್ದೇನೆ. ಹಳೆಯ ಅಡುಗೆಮನೆಗೂ ಒಂದು ಕಿಟಕಿ ಇತ್ತು, ಮುಂದಿನ ಗೋಡೆಯಲ್ಲಿ, ದೊಡ್ಡದು. ಬಾಗಿಲು ತಂದಾಗ ನಿನಗೆ ನಾಲ್ಕು ವರ್ಷ, ನೆನಪಿರಲಿಕ್ಕಿಲ್ಲ. ಬಾಗಿಲಿನ ಭಾರ ತಡೆಯಲು ಅಕ್ಕಪಕ್ಕ ಗಟ್ಟಿ ಗೋಡೆ ಬೇಕು ಅಂತ ಆ ಕಿಟಕಿಯನ್ನು ಇಟ್ಟಿಗೆ ಕಟ್ಟಿ ಮುಚ್ಚಿಸಿದರು. ನಿಮ್ಮಪ್ಪ ನನ್ನನ್ನು ಕೇಳಿದರು, ನಾನೂ ನಿನ್ನ ಹೆಂಡತಿಯ ಹಾಗೆಯೇ, ಆಗಲಿ ಬಿಡಿ ಅಂದೆ. ಅವರು ಕೆಟ್ಟವರಲ್ಲ, ಬಾಗಿಲು ದೊಡ್ಡದು. ಒಂದು ಮನೆಯಲ್ಲಿ ಅದು ತಿಂದದ್ದು ಸಾಕು. ಅವರ ನಂತರ ಆ ಬಾಗಿಲು ನನ್ನದು, ಆದ್ದರಿಂದ ಇಂಜಿನಿಯರ್‌ಗೆ ಬೆಳಿಗ್ಗೆಯೇ ಫೋನಿನಲ್ಲಿ ಹೇಳಿಬಿಟ್ಟಿದ್ದೇನೆ. ಕೋಣೆ ಹಾಗೇ ಇರುತ್ತದೆ. ಬಾಗಿಲಿನ ಹಲಗೆ ಮೂರು ಅಂಗುಲ ದಪ್ಪ ಇದೆ, ಅವಳ ಕೆಲಸದ ಮೇಜಿಗೆ ಸರಿಹೋಗುತ್ತದೆ. ಚಿಲಕವನ್ನು ಹೊಸ ಮುಂಬಾಗಿಲಿಗೆ ಹಾಕಿಸುತ್ತೇನೆ, ಸದ್ದು ಅದೇ ಬರುತ್ತದೆ. ಅವಳಿಗೆ ಇನ್ನೂ ಹೇಳಿಲ್ಲ. ಭಾನುವಾರ ಫೋನಿನಲ್ಲಿ ನೀನೇ ಹೇಳು, ನಿನ್ನ ತೀರ್ಮಾನ ಅಂತಲೇ ಹೇಳು. ಮಂಗಳವಾರ ಬೆಳಿಗ್ಗೆ ಬಡಗಿ ಗರಗಸ ತೆಗೆದುಕೊಂಡು ಡಿಪೋಗೆ ಬರುತ್ತಾನೆ. ಗುರುವಾರ ಲಿಂಟಲ್ ಕಾಂಕ್ರೀಟು, ಏಳಡಿಗೆ.