ಒಂದು ಮೀಟರಿನ ಬ್ರೇಕು

ಮನೆ,
ಮಾರ್ಚ್ ೧೪

ಪ್ರೀತಿಯ ತಮ್ಮಾ,

ಹೇಗಿದ್ದೀಯ? ಹೊಸ ಊರಿನ ನೀರು ಮೈಗೆ ಒಗ್ಗಿತೇ? ಹೊತ್ತಿಗೆ ಸರಿಯಾಗಿ ಉಣ್ಣುತ್ತಿದ್ದೀಯ ತಾನೇ? ಅಪ್ಪನ ವಿಷಯ ನೀನು ಫೋನಿನಲ್ಲೂ ಕೇಳಲಿಲ್ಲ, ಆದರೂ ಹೇಳುತ್ತೇನೆ. ಕುತ್ತಿಗೆಯ ಪಟ್ಟಿ ಇನ್ನೂ ಬಿಚ್ಚಿಲ್ಲ. ತಲೆ ಬಗ್ಗಿಸಲಾಗದೆ ಹೊಲಿಗೆ ಯಂತ್ರದ ಸೂಜಿಯೇ ಅವರಿಗೆ ಕಾಣುವುದಿಲ್ಲ. ಮೊನ್ನೆ ಕೈಯಂದಾಜಿನಲ್ಲೇ ಅಂಗಿಗೆ ತೋಳು ಕೂರಿಸಲು ಹೋಗಿ ಬೆರಳಿಗೆ ಚುಚ್ಚಿಸಿಕೊಂಡರು. ಗಿರಾಕಿಗಳು ಬಟ್ಟೆ ವಾಪಸು ಒಯ್ದರು. ಅಂಗಡಿಗೆ ನಾನೇ ಬೀಗ ಹಾಕಿ ಬಂದೆ.

ನಿನ್ನೆ ಆ ಅಪಘಾತದ ವಿಚಾರಣೆ ಇತ್ತು. ಆಟದ ಪಾರ್ಕಿನ ಮಾಲೀಕರು ನೀನು ಕಳಿಸಿದ ಉತ್ತರ ಓದಿಸಿದರು. ನೀನು ಕಟ್ಟಿದ ರೈಲಾಟದ ಬಂಡಿ ಗಂಟೆಗೆ ಮೂವತ್ತಾರು ಕಿಲೋಮೀಟರ್ ದಾಟುವುದೇ ಇಲ್ಲವಂತೆ, ಸಿಟಿ ಬಸ್ಸೂ ಅದಕ್ಕಿಂತ ಜೋರಾಗಿ ಓಡುತ್ತದಂತೆ. ಎಲ್ಲರೂ ತಲೆದೂಗಿದರು. ನನಗೆ ಮೈಯೆಲ್ಲ ಉರಿಯಿತು. ನಿನಗೆ ವೇಗೋತ್ಕರ್ಷದ ಪಾಠ ಹೇಳಿಕೊಟ್ಟವಳು ನಾನು. "ಅಕ್ಕಾ, ಇದರ ಅಳತೆಯಲ್ಲಿ ಸೆಕೆಂಡ್ ಯಾಕೆ ಎರಡು ಸಲ ಬರುತ್ತೆ?" ಎಂದು ನೀನು ನನ್ನ ಪ್ರಾಣ ತಿಂದಿದ್ದೆ. ಒಂದು ವೇಗಕ್ಕೆ, ಇನ್ನೊಂದು ಆ ವೇಗ ಬದಲಾಗುವುದಕ್ಕೆ ಎಂದು ನಾನು ಹೇಳಿದ್ದೆ. ನಿನ್ನ ಉತ್ತರದಲ್ಲಿ ಆ ಎರಡನೆಯ ಸೆಕೆಂಡನ್ನು ಎಷ್ಟು ಸಲೀಸಾಗಿ ನುಂಗಿಬಿಟ್ಟೆಯೋ!

ಮೂವತ್ತಾರು ಕಿಲೋಮೀಟರ್ ಅಂದರೆ ಸೆಕೆಂಡಿಗೆ ಹತ್ತು ಮೀಟರ್. ನಿನ್ನ ಮೊದಲ ನಕ್ಷೆಯಲ್ಲಿ ಬ್ರೇಕು ಹಿಡಿಯುವುದಕ್ಕೆ ಐದು ಮೀಟರ್ ಹಳಿ ಇತ್ತು. ಅಲ್ಲಿ ತಿಂಡಿ ಅಂಗಡಿ ಇಡಬೇಕೆಂದು ಮಾಲೀಕರು ಕೇಳಿದರು, ನೀನು ಒಂದೇ ಮೀಟರಿಗೆ ಇಳಿಸಿದೆ. ಊಟಕ್ಕೆ ಕೂತಾಗ ನೀನೇ ನಗುತ್ತಾ ಹೇಳಿದ್ದು. ಸೆಕೆಂಡಿಗೆ ಸೆಕೆಂಡಿಗೆ ಹತ್ತು ಮೀಟರ್ ತಗ್ಗಬೇಕಾದ ವೇಗ ಐವತ್ತು ಮೀಟರ್ ತಗ್ಗತೊಡಗಿತು. ಭೂಮಿ ನಮ್ಮನ್ನು ಎಳೆಯುವುದರ ಐದು ಪಟ್ಟು. ಅಪ್ಪನ ವಯಸ್ಸಿನ ಕುತ್ತಿಗೆ ಅದನ್ನು ತಡೆಯುತ್ತದೆಯೇ? ಉದ್ಘಾಟನೆಯ ದಿನ ಮೊದಲ ಸಾಲಿನಲ್ಲಿ ಅವರನ್ನು ಕೂರಿಸಿದವನೂ ನೀನೇ. ನನ್ನ ಮಗ ಕಟ್ಟಿದ್ದು ಎಂದು ಸಿಕ್ಕಸಿಕ್ಕವರಿಗೆಲ್ಲ ಹೇಳುತ್ತಾ ಹತ್ತಿದ್ದರು, ಪಾಪ.

ಇದನ್ನೆಲ್ಲ ವಿಚಾರಣೆಯಲ್ಲಿ ಲೆಕ್ಕ ಸಮೇತ ಹೇಳಿದೆ. ಅಧ್ಯಕ್ಷರು ಕನ್ನಡಕ ಒರೆಸಿಕೊಳ್ಳುತ್ತಾ, ಅಕ್ಕ ತಮ್ಮನ ನಡುವೆ ಏನಾದರೂ ಮನಸ್ತಾಪವಿದೆಯೇ ಎಂದು ಕೇಳಿದರು. ಇಲ್ಲ ಎಂದೆ. ನಿನ್ನೆಯವರೆಗೂ ಇರಲಿಲ್ಲ.

ಅಪ್ಪ ನಿನ್ನನ್ನು ಕೇಳಿದ್ದಾಗಿ ಬರೆಯಲು ಹೇಳಿದ್ದಾರೆ. ದೊಡ್ಡವಳು, ಹರಸಲೇಬೇಕು: ಆರೋಗ್ಯವಾಗಿರು. ಸುಖನಿದ್ದೆಯನ್ನು ಮಾತ್ರ ಹಾರೈಸಲಾರೆ.

ನಿನ್ನ ಅಕ್ಕ

ತಾ.ಕ.: ಅಂಚೆಗೆ ಹೊತ್ತಾಯಿತು, ಆದರೂ ಇದನ್ನು ಹೇಳಲೇಬೇಕು. ನನ್ನ ಮಾತು ಮುಗಿಯುತ್ತಲೇ ಅಪ್ಪ ಎದ್ದುನಿಂತು, ಬಂಡಿ ಓಡುತ್ತಿದ್ದಾಗ ತಾನೇ ಬೆಲ್ಟು ಬಿಚ್ಚಿಕೊಂಡೆ ಎಂದು ಹೇಳಿಬಿಟ್ಟರು. ಸುಳ್ಳು. ಪಕ್ಕದಲ್ಲೇ ಕೂತಿದ್ದವಳು ನಾನು. ಬಂಡಿ ನಿಂತ ಮೇಲೆ ಆ ಕೊಂಡಿ ಬಿಚ್ಚಿದ್ದೂ ನಾನೇ. ಮನೆಗೆ ಬಂದು ಯಾಕೆ ಹೀಗೆ ಮಾಡಿದಿರಿ ಎಂದು ಕೇಳಿದೆ. "ನನ್ನ ಕೆಲಸ ಹೇಗೂ ಹೋಯ್ತಲ್ಲಮ್ಮ, ಅವನದಾದರೂ ಉಳೀಲಿ" ಅಂದರು. ತಪ್ಪು ಅಪ್ಪನದೇ ಎಂದು ವಿಚಾರಣೆ ಮುಗಿಯಿತು. ಭಾನುವಾರದಿಂದ ಬಂಡಿ ಮತ್ತೆ ಓಡುತ್ತದಂತೆ, ಮಕ್ಕಳಿಗೆ ಅರ್ಧ ಟಿಕೆಟ್. ಈಗ ಅದನ್ನು ನಿಲ್ಲಿಸಬಲ್ಲವನು ನೀನೊಬ್ಬನೇ.